ಎರಡೆಸಳಿನ ಎದೆಯವರಿಗೆ

ಗಾಳಿಶಕೆ ೬೧, ಆಷಾಢದ ಹನ್ನೆರಡನೇ ದಿನ
ಹಳೆಯ ಎಣಿಕೆಯಲ್ಲಿ ಕ್ರಿಸ್ತಶಕ ೨೧೮೭
ಕಪ್ಪತಗುಡ್ಡದ ಬುಡ, ಗದಗ ಸೀಮೆ

ನನ್ನ ಮೊಮ್ಮಗಳ ಮೊಮ್ಮಕ್ಕಳಿಗೂ ಅವರ ಮಕ್ಕಳಿಗೂ,

ಮೇಲಿನ ತಾರೀಖು ನಿಮಗೆ ತಿಳಿಯುತ್ತದೋ ಇಲ್ಲವೋ ಕಾಣೆ. ಗುಡ್ಡದ ಮೇಲೆ ಮೊದಲ ದೊಡ್ಡ ಗಾಳಿಕಂಬ ತಿರುಗಿದ ವರ್ಷದಿಂದ ನಾವು ಎಣಿಸುತ್ತೇವೆ. ನೀವು ಯಾವುದರಿಂದ ಎಣಿಸುತ್ತೀರೋ. ನನ್ನ ಮಾತುಗಳೂ ನಿಮಗೆ ಒರಟಾಗಿ, ಅಪರಿಚಿತವಾಗಿ ಕೇಳಿಸಬಹುದು. ನನ್ನ ಅಜ್ಜಿಯ ಅಜ್ಜಿ ಬರೆದ ಒಂದು ಚೀಟಿ ನಮ್ಮ ಮನೆಯಲ್ಲಿತ್ತು. ಅದರಲ್ಲಿದ್ದ ‘ರೀಚಾರ್ಜು’ ಎಂಬ ಪದದ ಅರ್ಥಕ್ಕಾಗಿ ನಾನು ಮೂವರನ್ನು ಕೇಳಬೇಕಾಯಿತು, ಮೂವರೂ ಬೇರೆ ಬೇರೆ ಅರ್ಥ ಹೇಳಿದರು. ನನ್ನ ಕಾಗದಕ್ಕೂ ಆ ಗತಿ ಬಂದರೆ ಕ್ಷಮಿಸಿ. ಯಾರಾದರೂ ಮಾತನಾಡಿದ್ದನ್ನು ಬರೆಯುವಾಗ ಅವರ ನಾಲಿಗೆಯ ಮೇಲೆ ಬಂದಂತೆಯೇ ಬರೆದಿದ್ದೇನೆ. ಅದನ್ನು ತಿದ್ದಿದರೆ ಅವರು ಅವರಾಗಿ ಉಳಿಯುವುದಿಲ್ಲ.

ಈ ಕಾಗದ ಆಸ್ಪತ್ರೆಯ ವಂಶಕಪಾಟಿನಲ್ಲಿರುತ್ತದೆ. ವಂಶಕಪಾಟು ಎಂದರೆ, ಒಂದು ಕಾಯಿಲೆ ರಕ್ತದಲ್ಲಿ ಹರಿದು ಬರುವ ಮನೆತನಗಳು ಮುಂದಿನವರಿಗೆಂದು ಒಂದೊಂದು ಕಾಗದ ಬರೆದಿಡುವ ಜಾಗ. ಆ ಮನೆತನದ ಯಾರಿಗಾದರೂ ಹೊಸದಾಗಿ ಕಾಯಿಲೆಯ ಸುದ್ದಿ ಹೇಳಿದ ದಿನ ಅದನ್ನು ತೆಗೆದು ಕೈಗೆ ಕೊಡುತ್ತಾರೆ. ಹಾಗಾಗಿ ನೀವು ಇದನ್ನು ಓದುತ್ತಿದ್ದೀರಿ ಎಂದರೆ ಇವತ್ತು ಯಾರೋ ನಿಮ್ಮ ಎದೆಗೆ ಕಿವಿಗೊಟ್ಟು, ಆಮೇಲೆ ನಿಮ್ಮನ್ನು ಕುಳ್ಳಿರಿಸಿ ಮಾತನಾಡಿದ್ದಾರೆ. ಅವರು ಹೇಳಿದ್ದನ್ನೇ ನಾನೂ ಒಮ್ಮೆ ಹೇಳುತ್ತೇನೆ. ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ದಾರಿಯಲ್ಲಿ ಒಂದು ಕವಾಟವಿದೆ. ಹೆಚ್ಚಿನವರಿಗೆ ಅದರಲ್ಲಿ ಮೂರು ಎಸಳು, ನಮ್ಮ ಮನೆತನದ ಕೆಲವರಿಗೆ ಹುಟ್ಟಿನಿಂದಲೇ ಎರಡು. ಚಿಕ್ಕಂದಿನಲ್ಲಿ ಏನೂ ಗೊತ್ತಾಗುವುದಿಲ್ಲ. ಮೂರು ಎಸಳುಗಳ ಕೆಲಸವನ್ನು ಎರಡೇ ಮಾಡಿ ಮಾಡಿ, ಐವತ್ತರ ಹೊತ್ತಿಗೆ ಅವು ದಪ್ಪಗಾಗಿ, ಸುಣ್ಣ ಕಟ್ಟಿ, ಸರಿಯಾಗಿ ತೆರೆಯಲಾರದೆ ಹೋಗುತ್ತವೆ. ಆಗ ಎದೆ ತೆರೆದು ಬೇರೆ ಕವಾಟ ಕೂರಿಸಬೇಕು. ಕವಾಟವನ್ನು ಮೈಯೊಳಗೇ ಬೆಳೆಸುವ ವಿದ್ಯೆ ನಿಮ್ಮ ಕಾಲಕ್ಕೆ ಬಂದಿರಲಿ ಎಂದು ಹಾರೈಸುತ್ತೇನೆ. ನಮಗೆ ಬಂದಿಲ್ಲ.

ಈ ಎರಡೆಸಳು ನಿಮಗೆ ಬಂದದ್ದು ನನ್ನ ಗಂಡ ಪಂಚಾಕ್ಷರಿಯಿಂದ. ನಾನು ಹಾಲವ್ವ. ಬೆಟಗೇರಿಯ ಹೊಲಿಗೆಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕವಾಟ ಹೊಲಿದವಳು. ತಟ್ಟೆಯಲ್ಲಿ ಬೆಳೆಸಿದ ತೆಳುವಾದ ಚರ್ಮಕ್ಕೆ ನಾವು ಪೊರೆಬಟ್ಟೆ ಎನ್ನುತ್ತೇವೆ. ಅದನ್ನು ಎಸಳಿನ ಆಕಾರಕ್ಕೆ ಕತ್ತರಿಸಿ, ಉಂಗುರದಂಥ ಚೌಕಟ್ಟಿಗೆ ಭೂತಗನ್ನಡಿಯ ಕೆಳಗೆ ಕೈಯಿಂದ ಹೊಲಿಯಬೇಕು. ಒಂದು ಕವಾಟಕ್ಕೆ ಸಾವಿರಕ್ಕೂ ಮಿಕ್ಕಿ ಹೊಲಿಗೆ, ನಾಲ್ಕು ದಿನದ ಕೆಲಸ. ಬೆಟಗೇರಿಯಲ್ಲಿ ಹಿಂದೆ ಸೀರೆ ನೇಯುತ್ತಿದ್ದ ಮನೆಗಳ ಹೆಣ್ಣುಮಕ್ಕಳೇ ಈ ಕೆಲಸಕ್ಕೆ ಮೊದಲು ಸೇರಿದ್ದಂತೆ. ಬೆಳಗಿನ ನಾಲ್ಕಕ್ಕೆ ಕುಳಿತರೆ ಒಂಬತ್ತೂವರೆಗೆ ಏಳುತ್ತಿದ್ದೆವು. ಅದಾದ ಮೇಲೆ ನಮ್ಮ ಬಿಸಿಲಿನಲ್ಲಿ ಯಾರೂ ನೆಲದ ಮೇಲೆ ಇರುವುದಿಲ್ಲ, ಎಲ್ಲರೂ ಹಗೇವಿಗೆ ಇಳಿಯುತ್ತಾರೆ. ಹಿಂದಿನವರು ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಹಗೇವನ್ನೇ ನಾವು ಅಗಲಿಸಿ, ಗಾರೆ ಹಾಕಿ, ಕಂಬಳಿ ಹಾಸಿ ಮಧ್ಯಾಹ್ನದ ಮನೆ ಮಾಡಿಕೊಂಡಿದ್ದೇವೆ. ಅಲ್ಲೇ ಊಟ, ಅಲ್ಲೇ ನಿದ್ದೆ, ಅಲ್ಲೇ ಜಗಳ. ಐದಕ್ಕೆ ಮತ್ತೆ ಮೇಲೆ ಬರುವುದು.

ಪಂಚಾಕ್ಷರಿ ಗಾಳಿಕಂಬ ಹತ್ತುವವನು. ನೂರಿಪ್ಪತ್ತು ಮೀಟರ್ ಎತ್ತರದ ಕಂಬದ ಒಳಗಿನ ಏಣಿ ಹತ್ತಿ ತಿರುಗಣೆಗೆ ಎಣ್ಣೆ ಹಾಕುವುದು, ರೆಕ್ಕೆಯ ಬಿರುಕು ನೋಡುವುದು ಅವನ ಕೆಲಸ. ಅವನ ಜೋಡಿ ದಾವಲಸಾಬ. ಕಂಬದ ಕೆಲಸಕ್ಕೆ ಯಾರೂ ಒಬ್ಬರೇ ಹೋಗುವಂತಿಲ್ಲ, ಇಬ್ಬರ ಸೊಂಟಕ್ಕೂ ಒಂದೇ ಹಗ್ಗ. ಇಪ್ಪತ್ತಾರು ವರ್ಷ ಅವರಿಬ್ಬರೂ ಒಂದೇ ಹಗ್ಗದಲ್ಲಿದ್ದರು. ದಾವಲಸಾಬನ ಹೆಂಡತಿ ಮಾಬೂಬಿ ಹೊಲಿಗೆಮನೆಯಲ್ಲಿ ನನ್ನ ಪಕ್ಕದ ಮೇಜಿನವಳು. ಗಂಡಸರ ಊಟದ ಬುತ್ತಿಗಳು ಅದಲುಬದಲಾದರೂ ನಮಗೆ ಗೊತ್ತಾಗದಷ್ಟು ಒಂದಾಗಿದ್ದೆವು.

ನಮ್ಮ ಹಗೇವಿಗೆ ಇಪ್ಪತ್ತೆರಡು ಮೆಟ್ಟಿಲು. ಪಂಚಾಕ್ಷರಿಗೆ ನಲವತ್ತೊಂಬತ್ತಾದ ವರ್ಷದಿಂದ, ಸಂಜೆ ಮೇಲೆ ಬರುವಾಗ ಅರ್ಧಕ್ಕೆ ನಿಲ್ಲತೊಡಗಿದ. ಗೋಡೆಗೆ ಅಂಗೈ ಊರಿ ಕಾಲಿನ ಕಡೆ ನೋಡುತ್ತಿದ್ದ. ಒಂದು ದಿನ ಕೇಳಿದೆ.

“ಯಾಕ ನಿಂತ್ರಿ?”

“ಚಪ್ಪಲಿ ಉಂಗುಟ ಸಡ್ಲ ಆಗೇತಿ.”

ನಾನು ಸರಿ ಎಂದು ಮುಂದೆ ಹೋದೆ. ಮರುದಿನವೂ ಚಪ್ಪಲಿ, ಆಮೇಲೊಂದು ದಿನ ಮೊಣಕಾಲು. ಎದೆಯ ಬಾಗಿಲು ಸಣ್ಣದಾದರೆ ಮನುಷ್ಯ ಎಲ್ಲಿ ನಿಲ್ಲುತ್ತಾನೆ, ಹೇಗೆ ಉಸಿರು ಎಳೆದುಕೊಳ್ಳುತ್ತಾನೆ ಎಂಬುದನ್ನು ಹೊಲಿಗೆಮನೆಗೆ ಸೇರಿದ ಮೊದಲ ತಿಂಗಳೇ ನಮಗೆ ಕಲಿಸುತ್ತಾರೆ, ಯಾರಿಗಾಗಿ ಹೊಲಿಯುತ್ತಿದ್ದೇವೆ ಎಂದು ತಿಳಿದಿರಲಿ ಅಂತ. ನನಗೆ ಗೊತ್ತಾಗಿತ್ತು ಎಂದು ಬರೆಯಲು ಕೈ ಬರುತ್ತಿಲ್ಲ. ಗೊತ್ತಾಗಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆ ವರ್ಷದಿಂದಲೇ ಹೊಸದಾಗಿ, ವರ್ಷಕ್ಕೊಮ್ಮೆ ಕಂಬದವರೆಲ್ಲರ ಎದೆಗೆ ಒಂದು ದಿನ ಎದೆಪಟ್ಟಿ ಅಂಟಿಸಿ ಕಳಿಸುತ್ತಿದ್ದರು. ಅದು ಒಳಗಿನ ಸದ್ದನ್ನೆಲ್ಲ ಕೇಳಿ ಚಿತ್ರ ಬರೆದುಕೊಡುತ್ತದೆ. ಅವನ ಚಿತ್ರ ಪ್ರತಿ ವರ್ಷ ಚೊಕ್ಕವಾಗಿಯೇ ಬರುತ್ತಿತ್ತು. ಅದನ್ನು ನಂಬುವುದು ನನಗೆ ಸುಲಭವಾಗಿತ್ತು.

ಗಾಳಿಶಕೆ ೫೫ರ ಮಾಘದಲ್ಲಿ, ಕಂಬದ ಮೊದಲ ಅಟ್ಟದ ಹತ್ತಿರ ಪಂಚಾಕ್ಷರಿ ಏಣಿಯ ಮೇಲೆಯೇ ಎಚ್ಚರ ತಪ್ಪಿದ. ಹಗ್ಗ ಇದ್ದುದರಿಂದ ಬೀಳಲಿಲ್ಲ. ದಾವಲಸಾಬ ಅವನನ್ನು ತನ್ನ ಬೆನ್ನಿಗೆ ಕಟ್ಟಿಕೊಂಡು ನಲವತ್ತು ಮೀಟರ್ ಇಳಿದ. ನಾನು ಆಸ್ಪತ್ರೆಗೆ ಓಡಿದಾಗ ಪಂಚಾಕ್ಷರಿ ಎದ್ದು ಕುಳಿತು ಚಹಾ ಕುಡಿಯುತ್ತಿದ್ದ. ದಾವಲಸಾಬ ಹೊರಗೆ ಗೋಡೆಗೆ ಒರಗಿ ನಿಂತಿದ್ದ, ಅವನ ಅಂಗೈಗಳ ಚರ್ಮ ಸುಲಿದಿತ್ತು.

“ವೈನಿ, ನಿಮಗೊಂದು ಮಾತು ಹೇಳಬೇಕು. ಮೂರು ವರ್ಷಾತು, ಅವನ ಎದಿಪಟ್ಟಿ ನಾನ ಹಚ್ಕೊಂತಿದ್ದೆ.”

“ಅವರ ಹೆಸರಿನ್ಯಾಗ?”

“ಹೂಂ. ಎದಿ ಬಿಗಿತೈತಿ ಅಂತ ನನ್ನ ಮುಂದ ಹೇಳಿದ್ದ. ಪಟ್ಟಿ ಹಚ್ಚಿದ್ರ ಕಂಬದಿಂದ ಇಳಸ್ತಾರಂತ ಅಂಜಿದ್ದ. ನಾ ಬ್ಯಾಡ ಅಂದೆ, ವೈನಿ. ಒಂದ ಸಲ ಅಂದೆ. ಎರಡನೇ ಸಲ ಅನ್ನಲಿಲ್ಲ.”

ನಾನು ಅವನಿಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು. ಅವತ್ತಿನಿಂದ ಅವನೊಂದಿಗೂ ಮಾಬೂಬಿಯೊಂದಿಗೂ ಮಾತು ಬಿಟ್ಟೆ. ಮಾಬೂಬಿಗೆ ಈ ವಿಷಯ ತಿಳಿದೇ ಇರಲಿಲ್ಲ ಎಂಬುದು ಬಹಳ ತಡವಾಗಿ ನನಗೆ ಗೊತ್ತಾಯಿತು.

ಡಾಕ್ಟರ್ ಸೊರಟೂರ ನಮ್ಮಿಬ್ಬರನ್ನೂ ಕುಳ್ಳಿರಿಸಿ ಚಿತ್ರ ತೋರಿಸಿದರು. ಅಗಲವಾಗಿ ತೆರೆಯಬೇಕಾದ ಬಾಗಿಲಿನಲ್ಲಿ ಒಂದು ಸೀಳಷ್ಟೇ ಉಳಿದಿತ್ತು. ಎರಡು ಎಸಳು, ಎರಡರ ಅಂಚಿಗೂ ಸುಣ್ಣ. ಎಚ್ಚರ ತಪ್ಪುವ ಹಂತಕ್ಕೆ ಬಂದ ಮೇಲೆ ಹೆಚ್ಚು ದಿನ ಬಿಡುವಂತಿಲ್ಲ ಎಂದರು. ಆದರೆ ಎದೆ ತೆರೆಯುವ ಶಸ್ತ್ರವೈದ್ಯರು ಆಗ ನಾಲ್ಕು ಜಿಲ್ಲೆಗಳಿಗೆ ಒಂದೇ ತಂಡ. ಅವರ ಸರದಿ ಗದಗಿಗೆ ಬರಲು ಐದು ವಾರವಿತ್ತು. ಆ ಐದು ವಾರದಲ್ಲಿ ಮೈಯನ್ನು ಸಿದ್ಧ ಮಾಡಿಕೊಳ್ಳಬೇಕು ಎಂದರು.

ನಿಮ್ಮ ಕಾಲದಲ್ಲಿ ಸಿದ್ಧತೆ ಬೇರೆ ರೀತಿ ಇರಬಹುದು, ನಮ್ಮದು ಹೀಗಿತ್ತು. ಮೊದಲು ಹಲ್ಲು. ಬಾಯಿಯ ಕೀವು ರಕ್ತಕ್ಕೆ ಸೇರಿ ಹೊಸ ಕವಾಟದ ಮೇಲೆ ಕುಳಿತರೆ ಅದು ಕೆಟ್ಟುಹೋಗುತ್ತದೆ, ಹಾಗಾಗಿ ಹುಳುಕು ಹಲ್ಲೆಲ್ಲ ಕೀಳಿಸಿಕೊಂಡು ಗಾಯ ಮಾಯಬೇಕು. ನೂರಿಪ್ಪತ್ತು ಮೀಟರ್ ಹತ್ತುವ ಮನುಷ್ಯ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಎರಡು ದಿನ ಸೂಜಿ ಹಿಡಿಯಲಾಗಲಿಲ್ಲ. ಆಮೇಲೆ ಉಸಿರುಗೊಳವೆ. ಮೂರು ಗೋಲಿಗಳಿರುವ ಡಬ್ಬಿಗೆ ಕೊಳವೆ ಕಚ್ಚಿ ಉಸಿರು ಒಳಗೆಳೆದರೆ ಗೋಲಿ ಮೇಲೇಳುತ್ತದೆ, ಎದೆ ಹೊಲಿದ ಮೇಲೆ ಕಫ ಕಟ್ಟದಿರಲು ಈ ಅಭ್ಯಾಸ. ಮೊದಲ ವಾರ ಒಂದೇ ಗೋಲಿ ಎದ್ದಿತು. ಮೂರನೇ ವಾರಕ್ಕೆ ಎರಡು. ಉಪ್ಪು ಅಳತೆಯಲ್ಲಿ, ಹಿಂಡಿಪಲ್ಯಕ್ಕೂ ಅದೇ ಅಳತೆ. ಓಣಿಯ ತುದಿಯವರೆಗೆ ಮೆಲ್ಲಗೆ ನಡೆದು ಬರುವುದು. ಭಾರ ಎತ್ತುವಂತಿಲ್ಲ, ಹಗೇವಿಗೆ ಇಳಿಯುವಂತಿಲ್ಲ. ಹಾಗಾಗಿ ಮಧ್ಯಾಹ್ನ ಅವನೊಬ್ಬನೇ ಮೇಲೆ, ಒದ್ದೆ ಬಟ್ಟೆ ಕಟ್ಟಿದ ಕಿಟಕಿಯ ಪಕ್ಕ ಮಲಗುತ್ತಿದ್ದ. ಎರಡನೇ ದಿನದಿಂದ ನಾನೂ ಮೇಲೆಯೇ ಉಳಿದೆ. ಮದುವೆಯಾದ ಮೇಲೆ ಅಷ್ಟೊಂದು ಹೊತ್ತು ನಾವಿಬ್ಬರೇ ಕುಳಿತದ್ದು ಅದೇ ಮೊದಲು.

ಕವಾಟದ ಆಯ್ಕೆಯನ್ನು ಡಾಕ್ಟರು ಅವನಿಗೇ ಬಿಟ್ಟರು. ಲೋಹದ್ದು ಕೂರಿಸಿದರೆ ಜೀವಮಾನ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆಯನ್ನು ಜೀವಮಾನವಿಡೀ ನುಂಗಬೇಕು. ಪೊರೆಬಟ್ಟೆಯದಾದರೆ ಆ ಗುಳಿಗೆಯ ಕಾಟ ಕಡಿಮೆ, ಆದರೆ ಹದಿನೈದು ವರ್ಷಕ್ಕೆ ಸವೆಯುತ್ತದೆ, ಮತ್ತೊಮ್ಮೆ ಎದೆ ತೆರೆಯಬೇಕು. ಎರಡರಲ್ಲಿ ಯಾವುದಾದರೂ ಕಂಬ ಹತ್ತುವುದು ಮುಗಿಯಿತು ಎಂದರು. ಪಂಚಾಕ್ಷರಿ ನನ್ನ ಕೈಗಳ ಕಡೆ ನೋಡಿದ.

“ಬಟ್ಟೀದ ಹಾಕ್ರಿ, ಡಾಕ್ಟ್ರ. ನಮ್ಮಾಕಿ ಕೈಯಾಂದು.”

ಮನೆಯವರ ಕವಾಟ ಹೊಲಿಯಬಾರದು ಎಂಬುದು ಹೊಲಿಗೆಮನೆಯ ನಿಯಮ, ಕೈ ನಡುಗುತ್ತದೆ ಎಂದು. ಸರದಿಯಂತೆ ಆ ಚೀಟಿ ಮಾಬೂಬಿಯ ಮೇಜಿಗೆ ಬಂತು. ಇಪ್ಪತ್ಮೂರು ಮಿಲಿಮೀಟರ್, ಪಂಚಾಕ್ಷರಿ, ಬೆಟಗೇರಿ. ಅವಳು ಚೀಟಿಯನ್ನು ಓದಿ ನನ್ನ ಕಡೆ ನೋಡಿದಳು. ನಾನು ತಲೆ ಎತ್ತಲಿಲ್ಲ. ನಾಲ್ಕು ದಿನದ ಕೆಲಸಕ್ಕೆ ಅವಳು ಒಂಬತ್ತು ದಿನ ತೆಗೆದುಕೊಂಡಳು. ಹೊಲಿಯುತ್ತಾಳೆ, ಭೂತಗನ್ನಡಿಯಲ್ಲಿ ನೋಡುತ್ತಾಳೆ, ಬಿಚ್ಚುತ್ತಾಳೆ. ನನ್ನ ಮೊಣಕೈಯಿಂದ ಒಂದು ಮಾರು ದೂರದಲ್ಲಿ ನನ್ನ ಗಂಡನ ಎದೆಯ ಬಾಗಿಲು ತಯಾರಾಗುತ್ತಿತ್ತು, ನಾನು ಒಂದು ಮಾತನ್ನೂ ಆಡಲಿಲ್ಲ.

ನಾಲ್ಕನೇ ವಾರದ ಒಂದು ಮಧ್ಯಾಹ್ನ ನಾನು ಕೊನೆಗೂ ಕೇಳಿದೆ.

“ದಾವಲಣ್ಣಗ ಹೇಳಿದ್ರಿ. ನನಗ್ಯಾಕ ಹೇಳಲಿಲ್ಲ?”

ಅವನು ಉಸಿರುಗೊಳವೆಯನ್ನು ಬಾಯಿಂದ ತೆಗೆದ. “ಅಂವಗ ಹೇಳಿದ್ರ ಬರೇ ಮಾತು. ನಿನಗ ಹೇಳಿದ್ರ ಖರೆ ಆಗ್ತಿತ್ತು.”

“ಖರೆನ ಇತ್ತಲ್ರಿ.”

“ಹೌದು. ಆದ್ರ ನೀ ಮುಂಜಾನೆದ್ದು ಅದನ್ನ ಹೊಲ್ಯಾಕಿ, ಬಿಸಲೇರಿದ ಮ್ಯಾಲೆ ಮನೀಗೆ ಬಂದು ನನ್ನ ಮಾರಿ ನೋಡಾಕಿ. ನನ್ನ ಮಾರ್ಯಾಗರ ಅದು ಕಾಣೂದು ಬ್ಯಾಡ ಅನ್ಕೊಂಡೆ.” ಕೊಳವೆಯನ್ನು ಪಕ್ಕಕ್ಕಿಟ್ಟು ಮತ್ತೆ ಹೇಳಿದ. “ನೀನೂ ಕೇಳಲಿಲ್ಲ, ಹಾಲವ್ವ.”

ಅದು ದೂರಿನ ದನಿಯಾಗಿರಲಿಲ್ಲ. ದೂರಿದ್ದರೆ ನಾನು ತಿರುಗಿ ಏನಾದರೂ ಅನ್ನಬಹುದಿತ್ತು.

ಶಸ್ತ್ರಚಿಕಿತ್ಸೆಗೆ ಆರು ದಿನ ಉಳಿದಿತ್ತು. ಕಂಬ ಬಿಡುವವರು ಕೊನೆಯದಾಗಿ ಕಂಬದ ಬುಡಕ್ಕೆ ಹೋಗಿ, ಅದಕ್ಕೆ ಕೈಮುಟ್ಟಿಸಿ, ಹಗ್ಗ ಒಪ್ಪಿಸಿ ಬರುವ ಪದ್ಧತಿ ನಮ್ಮಲ್ಲಿದೆ. ಗಾಡಿಯಲ್ಲಿ ಕುಳಿತು ಹೋಗಿ ಬರಬಹುದು ಎಂದು ಡಾಕ್ಟರು ಒಪ್ಪಿದ್ದರು. ನಸುಕಿನಲ್ಲಿ, ನಾನು ಕೆಲಸಕ್ಕೆ ಹೊರಡುವ ಹೊತ್ತಿಗೆ, ದಾವಲಸಾಬ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸಿದ. ಪಂಚಾಕ್ಷರಿ ಹೊಸ ಅಂಗಿ ಹಾಕಿಕೊಂಡಿದ್ದ.

“ನೀನೂ ಬಾ. ಇಪ್ಪತ್ತಾರು ವರ್ಷದಾಗ ಒಮ್ಮೆನೂ ನೋಡಿಲ್ಲ ನೀನು.”

“ಇವತ್ತ ಒಂದ ಮುಗಸಿ ಕೊಡಬೇಕ್ರಿ. ನೀವು ಹೋಗಿ ಬರ್ರಿ.”

ಕೆಲಸ ಇದ್ದದ್ದು ನಿಜ. ದಾವಲಸಾಬನ ಜೊತೆ ಒಂದೇ ಗಾಡಿಯಲ್ಲಿ ಕೂರಲು ನನಗೆ ಮನಸ್ಸಿರಲಿಲ್ಲ ಎಂಬುದೂ ಅಷ್ಟೇ ನಿಜ. ಕಂಬದ ಬುಡದಲ್ಲಿ ಅವರಿಬ್ಬರೂ ರೊಟ್ಟಿ ತಿಂದರಂತೆ. ಗಾಳಿ ಚೆನ್ನಾಗಿತ್ತಂತೆ. ಪಂಚಾಕ್ಷರಿ ಕಂಬಕ್ಕೆ ಬೆನ್ನು ಕೊಟ್ಟು ಕುಳಿತು, ತಲೆ ಎತ್ತಿ ರೆಕ್ಕೆ ತಿರುಗುವುದನ್ನು ನೋಡುತ್ತಾ, “ಮೂರನೇದು ಸ್ವಲ್ಪ ಸದ್ದು ಮಾಡಾಕತ್ತೈತಿ, ಹೇಳು ಅವರಿಗೆ” ಎಂದನಂತೆ. ದಾವಲಸಾಬ ನೀರಿನ ತತ್ರಾಣಿ ತರಲು ಗಾಡಿಯ ಹತ್ತಿರ ಹೋಗಿ ತಿರುಗಿ ಬಂದ. ಅಷ್ಟರಲ್ಲಿ ಮುಗಿದಿತ್ತು. ಅವನು ಎದೆ ಒತ್ತಿದ, ಬಾಯಿಗೆ ಬಾಯಿ ಇಟ್ಟು ಉಸಿರು ಊದಿದ, ಗಾಡಿಯ ಗಂಟೆ ಬಾರಿಸಿದ. ಆಸ್ಪತ್ರೆಯವರು ಬರುವವರೆಗೂ ಒತ್ತುತ್ತಲೇ ಇದ್ದನಂತೆ. ನಾನು ಆ ಹೊತ್ತಿಗೆ ಯಾರದೋ ಕವಾಟದ ಕೊನೆಯ ಗಂಟು ಹಾಕುತ್ತಿದ್ದೆ.

ಅವನು ಹೋದ ಒಂಬತ್ತನೇ ದಿನ ಮಾಬೂಬಿ ಮನೆಗೆ ಬಂದಳು. ಸೆರಗಿನಲ್ಲಿ ಗಾಜಿನ ಭರಣಿ, ಅದರೊಳಗೆ ತಿಳಿನೀರಿನಲ್ಲಿ ಕವಾಟ.

“ಅಕ್ಕಾ, ಇದನ್ನ ಬ್ಯಾರೇದವರಿಗೆ ಹಾಕ್ತಾರಂತ, ನಿನ್ನ ಸಹಿ ಬೇಕಂತ. ನೀ ಬ್ಯಾಡಂದ್ರ ನಾ ಬಿಚ್ಚಿ ಹಾಕ್ತೀನಿ.”

ನಾನು ಭರಣಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಅಷ್ಟು ಸಣ್ಣ ಹೊಲಿಗೆಯನ್ನು ಅವಳ ಕೈಯಲ್ಲಿ ನಾನು ಕಂಡಿರಲಿಲ್ಲ, ಯಾರ ಕೈಯಲ್ಲೂ ಕಂಡಿರಲಿಲ್ಲ.

“ಬಿಚ್ಚಬ್ಯಾಡ,” ಎಂದೆ. ಇಬ್ಬರೂ ಅತ್ತೆವು. ಭರಣಿಯ ಮೇಲಿದ್ದ ಅವನ ಹೆಸರಿನ ಚೀಟಿಯನ್ನು ನಾನೇ ನೆನೆಸಿ ಕಿತ್ತೆ. ಅದು ಯಾರ ಎದೆಗೆ ಹೋಯಿತೋ ನಮಗೆ ಹೇಳುವುದಿಲ್ಲ. ದಾವಲಸಾಬ ಮಾತ್ರ ಒಂದು ವರ್ಷ ನಮ್ಮ ಓಣಿಗೆ ಕಾಲಿಡಲಿಲ್ಲ. ಕೊನೆಗೆ ನಾನೇ ಹೋಗಿ ಕರೆದುಕೊಂಡು ಬಂದೆ.

ನಮ್ಮ ಒಬ್ಬಳೇ ಮಗಳು ನೀಲಗಂಗಾ ಹುಬ್ಬಳ್ಳಿಯಲ್ಲಿ ಶಾಲೆ ಟೀಚರು. ಅಪ್ಪ ಹೋದಾಗ ಅವಳು ಆರು ತಿಂಗಳ ಬಸುರಿ. ರಕ್ತಸಂಬಂಧಿಗಳೆಲ್ಲ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ಡಾಕ್ಟರ್ ಸೊರಟೂರ ಹೇಳಿದ್ದರಿಂದ ಮಾಡಿಸಿದೆವು. ಅವಳಿಗೂ ಎರಡೆಸಳು. ಈಗೇನೂ ತೊಂದರೆಯಿಲ್ಲ, ಹೆರಿಗೆಗೂ ಭಯವಿಲ್ಲ, ಆದರೆ ವರ್ಷವರ್ಷ ತೋರಿಸುತ್ತಿರಬೇಕು ಎಂದರು. ಹೆರಿಗೆಯಾಯಿತು, ಹೆಣ್ಣು ಮಗು. ಆಮೇಲೆ ಎರಡು ವರ್ಷ ಅವಳು ಪರೀಕ್ಷೆಗೆ ಹೋಗಲೇ ಇಲ್ಲ. ಕೇಳಿದರೆ ಶಾಲೆ, ಮಗು, ಪುರಸೊತ್ತಿಲ್ಲ. ನಾನು ಹುಬ್ಬಳ್ಳಿಗೆ ಹೋಗಿ ಕುಳಿತೆ. ನಿಮ್ಮಪ್ಪನ ಹಾಗೆ ಮಾಡಬೇಡ ಎಂದೆ. ಅವಳು ಮಗುವಿನ ತಲೆ ಬಾಚುತ್ತಿದ್ದವಳು ಬಾಚಣಿಕೆ ಕೆಳಗಿಟ್ಟಳು.

“ಅಪ್ಪ ಮುಚ್ಚಿಟ್ಟ. ನೀನೂ ಮುಚ್ಚಿಟ್ಟಿ. ಈಗ ನನಗ ಹೇಳಾಕ ಬಂದೀ.”

“ನಾ ಏನು ಮುಚ್ಚಿಟ್ಟೆ?”

“ಅಪ್ಪ ಮೆಟ್ಲದಾಗ ನಿಂದ್ರೂದು ನಾನೂ ನೋಡೀನಿ, ಅವ್ವ, ದೀಪಾವಳಿಗೆ ಬಂದಾಗ. ನೀನು ನೋಡಿ ಮುಂದ ಹೋಗಿದ್ದೂ ನೋಡೀನಿ. ನಾನೂ ನಿನ್ನ ಹಿಂದ ಬಂದೆ.”

ಅಲ್ಲಿಯವರೆಗೆ ನಾನು ಯಾರ ಮುಂದೆಯೂ ಹೇಳಿರಲಿಲ್ಲ. “ಹೂಂ, ನೋಡಿದ್ದೆ,” ಎಂದೆ. “ಗೊತ್ತಿತ್ತು ನನಗ. ಹೆದರಿಕಿ ಆತು.”

ಅವಳು ಬಾಚಣಿಕೆಯನ್ನು ಮತ್ತೆ ಎತ್ತಿಕೊಂಡಳು. ಆಮೇಲೆ, ಮೆಲ್ಲಗೆ, ಹೋದ ತಿಂಗಳಿಂದ ತನಗೆ ರಾತ್ರಿ ಎದೆ ಡವಗುಡುತ್ತದೆ, ಗಂಡನಿಗೂ ಹೇಳಿಲ್ಲ ಎಂದಳು. ಮಾರನೇ ದಿನ ಇಬ್ಬರೂ ಹೋದೆವು. ಡವಗುಟ್ಟಿದ್ದು ಬರಿಯ ಭಯದಿಂದ ಎಂದು ಗೊತ್ತಾಯಿತು. ಅಂದಿನಿಂದ ಅವಳು ಒಂದು ವರ್ಷವೂ ತಪ್ಪಿಸಿಲ್ಲ.

ಈಗ ಈ ಕಾಗದ ಬರೆಯಲು ಕಾರಣ ಹೇಳುತ್ತೇನೆ. ಆ ಮಗು ಹೊನ್ನವ್ವ, ನಿಮಗೆ ಅಜ್ಜಿಯೋ ಮುತ್ತಜ್ಜಿಯೋ ಆಗಬೇಕಾದವಳು, ಈಗ ಐದು ವರ್ಷದವಳು. ಹೋದ ತಿಂಗಳು ಅವಳ ಎದೆಗೂ ಪಟ್ಟಿ ಹಚ್ಚಿದರು. ಚಿತ್ರ ನೋಡಿ ಡಾಕ್ಟರು ಎರಡು ಬೆರಳು ಎತ್ತಿ ತೋರಿಸುವ ಮೊದಲೇ ನೀಲಗಂಗಾ ನನ್ನ ಕೈ ಹಿಡಿದಿದ್ದಳು. ಮಗುವಿಗೆ ಈಗಲೇ ಹೇಳಬೇಕೋ ಬೇಡವೋ ಎಂದು ನಾನು ಅನುಮಾನಿಸಿದೆ. ನೀಲಗಂಗಾ ಅಲ್ಲಿಯೇ, ಆಸ್ಪತ್ರೆಯ ಬೆಂಚಿನ ಮೇಲೆಯೇ, ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದಳು.

ನಿಮಗೆ ಈ ಎದೆ ಕೊಟ್ಟವರಲ್ಲಿ ಯಾರೂ ಬೇಕೆಂದು ಕೊಡಲಿಲ್ಲ, ಅವರ ಮೇಲೆ ಸಿಟ್ಟು ಬಂದರೆ ಬರಲಿ. ನಾನು ನಿಮ್ಮನ್ನು ಕೇಳಿಕೊಳ್ಳುವುದು ಒಂದೇ. ಇವತ್ತು ಈ ಬಾಗಿಲಿನಿಂದ ಹೊರಗೆ ಹೋದ ಕೂಡಲೇ ಯಾರಿಗಾದರೂ ಹೇಳಿ. ಹೇಳಿದರೆ ಯಾರು ಹೆಚ್ಚು ಹೆದರುತ್ತಾರೋ ಅವರಿಗೇ ಮೊದಲು ಹೇಳಿ. ನಿಮ್ಮ ಪಕ್ಕದಲ್ಲಿರುವವರಿಗೂ ಇದನ್ನು ಓದಿಸಿ. ಕೇಳುವುದು ಅವರ ಕೆಲಸ ಎಂದು ಅವರಿಗೂ ಗೊತ್ತಾಗಲಿ. ನನ್ನ ಕೈ ಈಗ ಸೂಜಿ ಹಿಡಿಯುವಷ್ಟು ನೆಟ್ಟಗಿಲ್ಲ, ಲೇಖನಿಯನ್ನೂ ಇಲ್ಲಿಗೆ ಬಿಡುತ್ತೇನೆ. ನಿಮ್ಮನ್ನು ನೋಡುವ ಭಾಗ್ಯ ನನಗಿಲ್ಲ. ಎಲ್ಲಿದ್ದರೂ ಉಸಿರು ತುಂಬಿ ಬಾಳಿ.

ಕಾಗದದ ಕೊನೆಗೆ ಜಾಗ ಬಿಟ್ಟಿದ್ದೇನೆ. ಎರಡೆಸಳಿನವರು ಇಲ್ಲಿ ತಮ್ಮ ಹೆಸರನ್ನೂ, ಮೊದಲು ಯಾರಿಗೆ ಹೇಳಿದರೆಂಬುದನ್ನೂ ಬರೆಯಬೇಕು. ಮೊದಲ ಸಾಲನ್ನು ಪಂಚಾಕ್ಷರಿಯ ಪರವಾಗಿ ನಾನು ಬರೆದಿದ್ದೇನೆ, ಎರಡನೆಯದನ್ನು ನೀಲಗಂಗಾ. ಮೂರನೆಯದು ಹೊನ್ನವ್ವನದು. ಅವಳಿಗೆ ಇನ್ನೂ ಬರೆಯಲು ಬರುವುದಿಲ್ಲ, ಅವಳ ಅವ್ವನೇ ಬರೆದಳು. ಆಸ್ಪತ್ರೆಯಿಂದ ಬಂದ ಸಂಜೆ ಆ ಹುಡುಗಿ ನಮ್ಮ ಓಣಿಯಲ್ಲಿ ಹಾಲಿನವಳನ್ನು, ನೀರು ಬಿಡುವವನನ್ನು, ದಾವಲಸಾಬನನ್ನು, ಗುರುತಿಲ್ಲದ ಇಬ್ಬರು ದಾರಿಹೋಕರನ್ನು ನಿಲ್ಲಿಸಿ, ಅಂಗಿ ಎತ್ತಿ ಎದೆ ತೋರಿಸಿ ಸುದ್ದಿ ಹೇಳಿದ್ದಳು.

ನಿಮ್ಮ ಹಾಲವ್ವ

ಪಂಚಾಕ್ಷರಿ — ದಾವಲಸಾಬಗ.
ನೀಲಗಂಗಾ — ಅವ್ವಗ.
ಹೊನ್ನವ್ವ — ಓಣಿಯವರಿಗೆಲ್ಲ.